ಜೋಡಿಯ ತೂಕ, ನೋಡುವವರ ತಕ್ಕಡಿ

‘ಈಡು ಜೋಡು ಚೆನ್ನಾಗಿದೆ’ ಎಂದು ಮದುವೆಮನೆಯಲ್ಲಿ ನಾವು ಮೆಚ್ಚಿ ಹೇಳುತ್ತೇವೆ. ಆ ಮೆಚ್ಚುಗೆಯಲ್ಲಿ ಗುಣ, ವಿದ್ಯೆಗಳ ಜೊತೆಗೆ ಎತ್ತರ, ಬಣ್ಣ, ಗಾತ್ರಗಳ ಲೆಕ್ಕವೂ ಸೇರಿರುತ್ತದೆ. ಇಬ್ಬರಲ್ಲಿ ಒಬ್ಬರು ದಪ್ಪಗಿದ್ದರೆ ನೋಡುವವರು ಏನೆಂದುಕೊಳ್ಳುತ್ತಾರೆ? ಅಮೆರಿಕದ ಸಮಾಜ ಮನೋವಿಜ್ಞಾನಿಗಳು ಇದನ್ನು ಪ್ರಯೋಗಗಳಿಂದ ಪರೀಕ್ಷಿಸಿದ್ದಾರೆ.

ಹ್ಯೂಸ್ಟನ್ನಿನ ರೈಸ್ ವಿಶ್ವವಿದ್ಯಾಲಯದ ಮಿಶೆಲ್ ಹೆಬ್ಲ್ ಮತ್ತು ಲಾರಾ ಮ್ಯಾನಿಕ್ಸ್ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲಸಕ್ಕೆ ಅರ್ಜಿ ಹಾಕಿದ ಒಬ್ಬ ಪುರುಷನಿಗೆ ಅಂಕ ಕೊಡಬೇಕಿತ್ತು. ಅವನ ಪಕ್ಕದಲ್ಲಿ ದಪ್ಪಗಿನ ಮಹಿಳೆಯಿದ್ದಾಗ ಅವನಿಗೆ ಸಿಕ್ಕ ಅಂಕ ಕಡಿಮೆ. ಆಕೆ ಅವನ ಗೆಳತಿಯೇ ಆಗಿರಬೇಕೆಂದಿರಲಿಲ್ಲ. ಬರಿದೇ ಪಕ್ಕದಲ್ಲಿದ್ದರೂ ಸಾಕಿತ್ತು. ಆಕೆಯ ಬಗ್ಗೆ ಒಳ್ಳೆಯ ಮಾಹಿತಿ ಕೊಟ್ಟರೂ ಫಲಿತಾಂಶ ಬದಲಾಗಲಿಲ್ಲ. ಬ್ರಯನ್ ಕೊಲಿಸನ್ ಮತ್ತು ಸಂಗಡಿಗರ ಮುಂದಿನ ಸಂಶೋಧನೆಯಲ್ಲಿ, ಒಬ್ಬರು ದಪ್ಪ ಒಬ್ಬರು ತೆಳ್ಳಗಿರುವ ಜೋಡಿಗಳನ್ನು ಜನ ಕಡಿಮೆ ಮೆಚ್ಚಿದರು. ಸಂಗಾತಿಯನ್ನು ಆಪ್ತರಿಗೆ ಪರಿಚಯಿಸುವುದನ್ನು ಮುಂದೂಡಿ ಎಂಬಂಥ ಸಲಹೆಯೂ ಬಂತು!

ಒಬ್ಬರಿಗೆ ಅಂಟಿಸಿದ ಕಳಂಕ ಜೊತೆಗಿರುವವರಿಗೂ ಹರಡುತ್ತದೆ ಎಂದು ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1963ರಲ್ಲೇ ವಿವರಿಸಿದ್ದರು. ತೂಕದ ವಿಷಯದಲ್ಲಿ ಇದಕ್ಕೆ ಇನ್ನೊಂದು ನಂಬಿಕೆ ಬಲ ಕೊಡುತ್ತದೆ: ದಪ್ಪಗಿರುವುದು ಸೋಮಾರಿತನದ, ನಾಲಿಗೆ ಚಪಲದ ಗುರುತು ಎಂಬುದು. ಆದರೆ ಮೈತೂಕದಲ್ಲಿ ಅನುವಂಶೀಯತೆಯ ಪಾಲು ದೊಡ್ಡದೆಂದು ಅವಳಿ ಮಕ್ಕಳ ಅಧ್ಯಯನಗಳು ತೋರಿಸಿವೆ. ಔಷಧ, ಹೆರಿಗೆ, ನಿದ್ದೆ, ಕೆಲಸದ ಒತ್ತಡಗಳೂ ತೂಕವನ್ನು ಬದಲಿಸುತ್ತವೆ.

ಹಾಗೆಂದು ಆರೋಗ್ಯದ ಪ್ರಶ್ನೆ ಸುಳ್ಳಲ್ಲ. ಏಷ್ಯಾ ಮೂಲದವರಲ್ಲಿ ಸಕ್ಕರೆ ಕಾಯಿಲೆಯ ಅಪಾಯ ಕಡಿಮೆ ತೂಕದಲ್ಲೇ ಹೆಚ್ಚುತ್ತದೆ. ಅದಕ್ಕಾಗಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲಿ ನಮ್ಮಂಥವರಿಗೆ ಬಿಎಂಐ 25ರ ಬದಲು 23ರಿಂದಲೇ ಎಚ್ಚರಿಕೆ ಸೂಚಿಸಿದರು. ಆ ಅಂಕಿ ವೈದ್ಯರಿಗೆ ಉಪಯುಕ್ತ. ಹೆಣ್ಣು–ಗಂಡು ನೋಡುವವರ ಕೈಗೆ ಅದು ಅಳತೆಗೋಲಾಗಬೇಕಿಲ್ಲ.

ಮಿಶಿಗನ್ ರಾಜ್ಯದ 1976ರ ಕಾಯಿದೆ ಉದ್ಯೋಗದಲ್ಲಿ ತೂಕದ ತಾರತಮ್ಯವನ್ನು ನಿಷೇಧಿಸಿದೆ; ನ್ಯೂಯಾರ್ಕ್ ನಗರ 2023ರಲ್ಲಿ ಅಂಥದೇ ಕಾನೂನು ತಂದಿತು. ಆದರೆ ಹಬ್ಬದೂಟದ ಸಾಲಿನಲ್ಲಿ ಆಡುವ ಮಾತನ್ನು ಯಾವ ಕಾನೂನೂ ತಡೆಯದು. ‘ಏನಮ್ಮಾ, ದಪ್ಪ ಆಗಿದ್ದೀಯಲ್ಲ’ ಎಂಬುದು ಊರಿನಲ್ಲಿ ಕುಶಲಪ್ರಶ್ನೆಯಂತೆ ಬರುತ್ತದೆ. ಇಲ್ಲಿ ಬೆಳೆದ ಮಗಳಿಗೆ ಅದು ತೀರ್ಪಿನಂತೆ ಕೇಳಿಸಬಹುದು. ನಾಳೆ ತಾನು ಮೆಚ್ಚಿದವರನ್ನು ನಮ್ಮೆದುರು ಕರೆತರಲು ಅವಳು ಹಿಂಜರಿದರೆ, ಕಾರಣವನ್ನು ಅವಳ ಮೈಯಲ್ಲಲ್ಲ, ನಮ್ಮ ಮಾತಿನಲ್ಲಿ ಹುಡುಕಬೇಕಾದೀತು.