ಭೃತಕನ ವೇತನಹಾನಿ

ಒಡೆಯನನ್ನು ಬಿಟ್ಟು ಅವನ ಪ್ರತಿಸ್ಪರ್ಧಿಯನ್ನು ಸೇರಿದ ಸೇವಕನಿಗೆ, ಅದುವರೆಗೆ ದುಡಿದು ಗಳಿಸಿದುದು ನಷ್ಟವಾಗುವುದೇ? ಮನುಸ್ಮೃತಿಯ 8ನೆಯ ಅಧ್ಯಾಯದ ವಿಧಿಯು ಕಠಿನವಾದುದು: ಒಪ್ಪಿದ ಕೆಲಸದಲ್ಲಿ ಅಲ್ಪವೇ ಉಳಿದಿದ್ದರೂ ಪೂರೈಸದವನಿಗೆ ವೇತನವಿಲ್ಲ. ಅವನು ಎಲ್ಲಿಗೆ ಹೋದನೆಂಬ ವಿಚಾರವೇ ಅಲ್ಲಿಲ್ಲ. ಅದನ್ನೆತ್ತಿದವನು ಕೌಟಿಲ್ಯನು. 1909ರಲ್ಲಿ ಮೈಸೂರಿನ ಶಾಮಶಾಸ್ತ್ರಿಗಳು ಪ್ರಕಟಿಸಿದ ಅರ್ಥಶಾಸ್ತ್ರದ 3ನೆಯ ಅಧಿಕರಣದಲ್ಲಿ, ಒಡೆಯನು ಅನ್ಯನಿಂದ ಮಾಡಿಸಲಾಗದ, ಭೃತಕನು ಅನ್ಯನಿಗೆ ಮಾಡಲಾಗದ ಕರಾರೊಂದು ಕಾಣುತ್ತದೆ. ಅದರಂತೆ ಕೆಲಸ ಮಾಡಿಸದ ಒಡೆಯನಿಗೂ ಮಾಡದ ಭೃತಕನಿಗೂ ದಂಡವೊಂದೇ, 12 ಪಣ. ಬಂಧನವು ಉಭಯರಿಗೂ ಇದ್ದುದರಿಂದಲೇ ಅದು ನ್ಯಾಯ್ಯವೆಂದು ನನಗೆ ತೋರುತ್ತದೆ. ಇಂದಿನ ನೇಮಕಪತ್ರಗಳಲ್ಲಿಯಾದರೋ ಅದು ಬಹುಮಟ್ಟಿಗೆ ಸೇವಕನ ಕೊರಳಿಗೆ ಮಾತ್ರ. ವೃತ್ತಿಯನ್ನು ತಡೆಯುವ ಒಡಂಬಡಿಕೆಯು ಆ ಮಟ್ಟಿಗೆ ಅಸಿಂಧುವೆಂದು ಭಾರತದ 1872ರ ಕರಾರು ಕಾಯಿದೆಯ 27ನೆಯ ಪ್ರಕರಣವು ಹೇಳುತ್ತದೆ. ಆದರೆ ಹೋಗದಂತೆ ತಡೆಯುವುದು ಬೇರೆ, ಹೋದವನ ಗಳಿಕೆಯನ್ನು ಹಿಡಿದಿಡುವುದು ಬೇರೆ. ಆ ಗಳಿಕೆಯು ವೇತನವೇ, ಬಹುಮಾನವೇ ಎಂಬುದನ್ನು ಮೊದಲು ನಿರ್ಣಯಿಸಬೇಕಾಗುತ್ತದೆ.