ನಾಯಿಗಳಲ್ಲಿ ಹೃದಯಹುಳು ತಡೆಯುವ ಮಾಸಿಕ ಔಷಧ

ಹೃದಯಹುಳು ತಡೆಯುವ ಮಾಸಿಕ ಔಷಧಗಳು ಸಾಕುನಾಯಿಗಳಿಗೆ ತಿಂಗಳಿಗೊಮ್ಮೆ ಕೊಡುವ ಪರಾವಲಂಬಿನಾಶಕ ಔಷಧಗಳಾಗಿವೆ. ಸೊಳ್ಳೆಯ ಮೂಲಕ ಹರಡುವ ಡೈರೊಫೈಲೇರಿಯಾ ಇಮ್ಮಿಟಿಸ್ ಎಂಬ ಹುಳು ನಾಯಿಯ ಶ್ವಾಸಕೋಶದ ಅಪಧಮನಿಗಳಲ್ಲಿ ಮತ್ತು ಹೃದಯದ ಬಲಭಾಗದಲ್ಲಿ ನೆಲೆಗೊಳ್ಳದಂತೆ ಮಾಡುವುದು ಇವುಗಳ ಮುಖ್ಯ ಉದ್ದೇಶ. ಇವುಗಳಲ್ಲಿ ಹಲವು ಕರುಳಿನ ಜಂತುಹುಳುಗಳನ್ನೂ ನಾಶಮಾಡುತ್ತವೆ. ಇವನ್ನು ನಿರೋಧಕ ಔಷಧಗಳೆಂದು ಕರೆಯುವುದು ರೂಢಿ. ಆದರೆ ಇವು ಲಸಿಕೆಯಂತೆ ರೋಗನಿರೋಧಕ ಶಕ್ತಿಯನ್ನು ಬೆಳೆಸುವುದಿಲ್ಲ. ಹಿಂದಿನ ಸುಮಾರು ಒಂದು ತಿಂಗಳಿನಲ್ಲಿ ನಾಯಿಯ ದೇಹವನ್ನು ಸೇರಿರುವ ಎಳೆಯ ಲಾರ್ವಾಗಳನ್ನು ಕೊಲ್ಲುತ್ತವೆ. ಔಷಧವನ್ನು ತಪ್ಪದೆ ಪ್ರತಿ ತಿಂಗಳೂ ಕೊಡಬೇಕೆಂಬ ನಿಯಮಕ್ಕೆ ಇದೇ ಆಧಾರ.

ಹುಳುವಿನ ಜೀವನಚಕ್ರ

ಸೋಂಕಿತ ನಾಯಿಯ ರಕ್ತದಲ್ಲಿ ಮೈಕ್ರೋಫೈಲೇರಿಯಾ ಎಂಬ ಅತಿಸೂಕ್ಷ್ಮ ಮರಿಗಳು ಸಂಚರಿಸುತ್ತಿರುತ್ತವೆ. ಕ್ಯೂಲೆಕ್ಸ್, ಈಡಿಸ್, ಅನಾಫಿಲಿಸ್ ಮೊದಲಾದ ಕುಲಗಳ ಸೊಳ್ಳೆಗಳು ಆ ನಾಯಿಯ ರಕ್ತವನ್ನು ಹೀರಿದಾಗ ಈ ಮರಿಗಳು ಸೊಳ್ಳೆಯ ದೇಹವನ್ನು ಸೇರುತ್ತವೆ. ಅಲ್ಲಿ ಎರಡು ಬಾರಿ ಪೊರೆ ಕಳಚಿ, ಮೂರನೆಯ ಹಂತದ ಲಾರ್ವಾಗಳಾಗುತ್ತವೆ. ಬೆಚ್ಚಗಿನ ಹವೆಯಲ್ಲಿ ಇದಕ್ಕೆ ಸುಮಾರು ಎರಡು ವಾರಗಳು ಸಾಕು. ಉಷ್ಣತೆ ಸುಮಾರು 14 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆಯಾದರೆ ಸೊಳ್ಳೆಯೊಳಗಿನ ಬೆಳವಣಿಗೆ ನಿಂತುಹೋಗುತ್ತದೆ.

ಸೊಳ್ಳೆ ಮತ್ತೊಂದು ನಾಯಿಯನ್ನು ಕಚ್ಚಿದಾಗ ಲಾರ್ವಾಗಳು ಕಡಿತದ ಗಾಯದ ಮೂಲಕ ಚರ್ಮದಡಿಯ ಅಂಗಾಂಶವನ್ನು ಪ್ರವೇಶಿಸುತ್ತವೆ. 3ರಿಂದ 12 ದಿನಗಳಲ್ಲಿ ಅವು ನಾಲ್ಕನೆಯ ಹಂತವನ್ನೂ, 50ರಿಂದ 70 ದಿನಗಳಲ್ಲಿ ಎಳೆಯ ವಯಸ್ಕ ಹಂತವನ್ನೂ ತಲುಪುತ್ತವೆ. ಅನಂತರ ರಕ್ತನಾಳಗಳನ್ನು ಹೊಕ್ಕು ಶ್ವಾಸಕೋಶದ ಅಪಧಮನಿಗಳನ್ನು ಸೇರುತ್ತವೆ. ಸೋಂಕು ತಗುಲಿದ ಆರೇಳು ತಿಂಗಳುಗಳ ಬಳಿಕ ಹೆಣ್ಣುಹುಳು ಮೈಕ್ರೋಫೈಲೇರಿಯಾಗಳನ್ನು ಹೆರಲಾರಂಭಿಸುತ್ತದೆ. ಪೂರ್ಣ ಬೆಳೆದ ಹೆಣ್ಣುಹುಳು 25ರಿಂದ 30 ಸೆಂಟಿಮೀಟರ್ ಉದ್ದವಿದ್ದು, ನಾಯಿಯ ದೇಹದಲ್ಲಿ 5ರಿಂದ 7 ವರ್ಷ ಬದುಕಬಲ್ಲದು. ಹುಳುಗಳ ಸಂಖ್ಯೆ ಹೆಚ್ಚಿದಂತೆ ಕೆಮ್ಮು, ಬೇಗನೆ ಆಯಾಸಗೊಳ್ಳುವುದು, ತೂಕ ಇಳಿಯುವುದು ಮುಂತಾದ ಲಕ್ಷಣಗಳು ತೋರುತ್ತವೆ. ಕೊನೆಯಲ್ಲಿ ಹೃದಯದ ಬಲಭಾಗ ಸೋತು ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳುತ್ತದೆ. ಮೊದಲ ಹಲವು ತಿಂಗಳು ನಾಯಿ ಆರೋಗ್ಯವಾಗಿರುವಂತೆಯೇ ಕಾಣುತ್ತದೆ.

ಔಷಧದ ಕ್ರಿಯೆ

ಈಗ ಬಳಕೆಯಲ್ಲಿರುವ ಹೃದಯಹುಳು ನಿರೋಧಕಗಳು ಮ್ಯಾಕ್ರೋಸೈಕ್ಲಿಕ್ ಲ್ಯಾಕ್ಟೋನ್ ಎಂಬ ಗುಂಪಿಗೆ ಸೇರಿವೆ. ಐವರ್‌ಮೆಕ್ಟಿನ್, ಮಿಲ್ಬೆಮೈಸಿನ್ ಆಕ್ಸೈಮ್, ಮಾಕ್ಸಿಡೆಕ್ಟಿನ್ ಮತ್ತು ಸೆಲಾಮೆಕ್ಟಿನ್ ಇವುಗಳಲ್ಲಿ ಮುಖ್ಯವಾದವು. ಐವರ್‌ಮೆಕ್ಟಿನ್ ಮತ್ತು ಮಿಲ್ಬೆಮೈಸಿನ್‌ಗಳನ್ನು ಮಾತ್ರೆಯಾಗಿ ಅಥವಾ ಅಗಿಯುವ ತುಣುಕಾಗಿ ಕೊಡುತ್ತಾರೆ. ಸೆಲಾಮೆಕ್ಟಿನ್ ದ್ರಾವಣವನ್ನು ಕತ್ತಿನ ಹಿಂಭಾಗದ ಚರ್ಮದ ಮೇಲೆ ಹಾಕುತ್ತಾರೆ. ಮಾಕ್ಸಿಡೆಕ್ಟಿನ್ ಬಾಯಿಯ ಮೂಲಕ ಕೊಡುವ, ಚರ್ಮಕ್ಕೆ ಹಾಕುವ ಮತ್ತು ಹಲವು ತಿಂಗಳು ಕೆಲಸ ಮಾಡುವ ಚುಚ್ಚುಮದ್ದಿನ ರೂಪಗಳಲ್ಲಿದೆ.

ಈ ಔಷಧಗಳು ಹುಳುವಿನ ನರ ಮತ್ತು ಸ್ನಾಯುಕೋಶಗಳಲ್ಲಿರುವ, ಗ್ಲುಟಮೇಟ್‌ನಿಂದ ತೆರೆದುಕೊಳ್ಳುವ ಕ್ಲೋರೈಡ್ ನಾಳಗಳ ಮೇಲೆ ಕ್ರಿಯೆ ನಡೆಸುತ್ತವೆ. ಸಸ್ತನಿಗಳಲ್ಲಿ ಇಂತಹ ನಾಳಗಳಿಲ್ಲ. ಆದ್ದರಿಂದ ಹುಳುವಿಗೆ ಮಾರಕವಾದ ಅತ್ಯಲ್ಪ ಪ್ರಮಾಣವು ನಾಯಿಗೆ ಹಾನಿ ಮಾಡುವುದಿಲ್ಲ. ಐವರ್‌ಮೆಕ್ಟಿನ್‌ನ ನಿರೋಧಕ ಪ್ರಮಾಣ ದೇಹತೂಕದ ಪ್ರತಿ ಕಿಲೋಗ್ರಾಮಿಗೆ ಕೇವಲ 6 ಮೈಕ್ರೋಗ್ರಾಂ.

ಮೂರನೆಯ ಹಂತದ ಹಾಗೂ ನಾಲ್ಕನೆಯ ಹಂತದ ಎಳೆಯ ಲಾರ್ವಾಗಳು ಈ ಪ್ರಮಾಣಕ್ಕೆ ಸುಲಭವಾಗಿ ಬಲಿಯಾಗುತ್ತವೆ. ಹುಳು ಬೆಳೆದಂತೆ ಔಷಧದ ಪರಿಣಾಮ ಕುಗ್ಗುತ್ತದೆ. ಎಳೆಯ ವಯಸ್ಕ ಹಂತ ತಲುಪಿದ ಹುಳುಗಳನ್ನು ಒಂದು ಮಾಸಿಕ ಡೋಸ್ ಕೊಲ್ಲಲಾರದು. ಉದಾಹರಣೆಗೆ, ಜೂನ್ 10ರಂದು ನಾಯಿಗೆ ಸೇರಿದ ಲಾರ್ವಾವನ್ನು ಜುಲೈ 1ರಂದು ಕೊಟ್ಟ ಔಷಧ ಕೊಲ್ಲುತ್ತದೆ. ಜುಲೈ ಮತ್ತು ಆಗಸ್ಟ್ ಡೋಸ್‌ಗಳೆರಡೂ ತಪ್ಪಿ ಸೆಪ್ಟೆಂಬರ್ 1ರಂದು ಔಷಧ ಕೊಟ್ಟರೆ, ಆ ವೇಳೆಗೆ 83 ದಿನಗಳಾಗಿರುವ ಹುಳು ಬದುಕುಳಿಯಬಹುದು. ಇದೇ ಕಾರಣದಿಂದ, ಚಳಿಗಾಲದಲ್ಲಿ ಔಷಧ ನಿಲ್ಲಿಸುವ ದೇಶಗಳಲ್ಲಿಯೂ ಸೊಳ್ಳೆಯ ಕಾಲ ಮುಗಿದ ನಂತರ ಕೊನೆಯ ಡೋಸ್ ಒಂದನ್ನು ಕೊಡುವುದು ಅಗತ್ಯ.

ಇತಿಹಾಸ

ಮಾಸಿಕ ಔಷಧಗಳಿಗೆ ಮುನ್ನ ಡೈಈಥೈಲ್‌ಕಾರ್ಬಮಜೈನ್ ಎಂಬ ಔಷಧವನ್ನು ನಾಯಿಗಳಿಗೆ ಪ್ರತಿದಿನ ಕೊಡಲಾಗುತ್ತಿತ್ತು. ಮನುಷ್ಯರ ಆನೆಕಾಲು ರೋಗಕ್ಕೆ ಇಂದಿಗೂ ಕೊಡುವ ಈ ಔಷಧವು 1940ರ ದಶಕದಲ್ಲಿ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ, ಭಾರತೀಯ ಮೂಲದ ಜೀವರಸಾಯನ ವಿಜ್ಞಾನಿ ಯಲ್ಲಾಪ್ರಗಡ ಸುಬ್ಬರಾವ್ ಅವರ ನೇತೃತ್ವದಲ್ಲಿ ರೂಪುಗೊಂಡಿತು. ನಾಯಿಗಳಲ್ಲಿ ಕೆಲವೇ ದಿನ ಡೋಸ್ ತಪ್ಪಿದರೂ ರಕ್ಷಣೆ ಕಳೆದುಹೋಗುತ್ತಿತ್ತು. ರಕ್ತದಲ್ಲಿ ಮೈಕ್ರೋಫೈಲೇರಿಯಾ ಇರುವ ನಾಯಿಗೆ ಕೊಟ್ಟರೆ ಪ್ರಾಣಾಪಾಯದ ಪ್ರತಿಕ್ರಿಯೆಯೂ ಸಂಭವಿಸುತ್ತಿತ್ತು.

ಜಪಾನಿನ ಸತೋಶಿ ಒಮುರಾ ಅವರು ಮಣ್ಣಿನಿಂದ ಪ್ರತ್ಯೇಕಿಸಿದ ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾದಿಂದ ಅವರ್‌ಮೆಕ್ಟಿನ್ ದೊರೆಯಿತು. ಅಮೆರಿಕದ ಮರ್ಕ್ ಸಂಸ್ಥೆಯಲ್ಲಿ ವಿಲಿಯಂ ಕ್ಯಾಂಪ್‌ಬೆಲ್ ಮತ್ತು ಸಹೋದ್ಯೋಗಿಗಳು ಅದರ ಪರಾವಲಂಬಿನಾಶಕ ಗುಣವನ್ನು ತೋರಿಸಿದರು. ಅದರಿಂದ ರೂಪಿಸಿದ ಐವರ್‌ಮೆಕ್ಟಿನ್‌ಗೆ ನಾಯಿಗಳ ಮಾಸಿಕ ನಿರೋಧಕವಾಗಿ 1987ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಒಮುರಾ ಮತ್ತು ಕ್ಯಾಂಪ್‌ಬೆಲ್ 2015ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯನ್ನು ಚೀನಾದ ತು ಯೂಯೂ ಅವರೊಂದಿಗೆ ಹಂಚಿಕೊಂಡರು.

ಕರುಳಿನ ಹುಳುಗಳ ನಿಯಂತ್ರಣ

ನಾಯಿಯ ಕರುಳಿನಲ್ಲಿ ದುಂಡುಹುಳು, ಕೊಕ್ಕೆಹುಳು, ಚಾಟಿಹುಳು ಮತ್ತು ಲಾಡಿಹುಳುಗಳು ಸಾಮಾನ್ಯವಾಗಿ ಕಂಡುಬರುತ್ತವೆ. ಒಂದೇ ಔಷಧ ಇವೆಲ್ಲವನ್ನೂ ಕೊಲ್ಲುವುದಿಲ್ಲ.

• ಹೃದಯಹುಳು ತಡೆಯುವಷ್ಟು ಅಲ್ಪ ಪ್ರಮಾಣದ ಐವರ್‌ಮೆಕ್ಟಿನ್ ಕರುಳಿನ ಹುಳುಗಳನ್ನು ನಿಯಂತ್ರಿಸಲು ಸಾಲದು. ಆದ್ದರಿಂದ ದುಂಡುಹುಳು ಮತ್ತು ಕೊಕ್ಕೆಹುಳುಗಳಿಗಾಗಿ ಅದರೊಡನೆ ಪೈರಾಂಟೆಲ್ ಸೇರಿಸುತ್ತಾರೆ.
• ಮಿಲ್ಬೆಮೈಸಿನ್ ಆಕ್ಸೈಮ್ ತನ್ನ ಮಾಸಿಕ ಪ್ರಮಾಣದಲ್ಲಿಯೇ ದುಂಡುಹುಳು, ಕೊಕ್ಕೆಹುಳು ಮತ್ತು ಚಾಟಿಹುಳುಗಳ ಮೇಲೆ ಕೆಲಸ ಮಾಡುತ್ತದೆ.
• ಲಾಡಿಹುಳುಗಳಿಗೆ ಪ್ರಾಜಿಕ್ವಾಂಟೆಲ್ ಬೇಕು. ಚಿಗಟವನ್ನು ನುಂಗುವುದರಿಂದ ಬರುವ ಲಾಡಿಹುಳುವಿಗೆ ಚಿಗಟಗಳ ನಿಯಂತ್ರಣವೂ ಅಗತ್ಯ.

ದುಂಡುಹುಳುವಿನ ಲಾರ್ವಾಗಳು ತಾಯಿಯ ಗರ್ಭದಲ್ಲಿಯೇ ಮರಿಗಳನ್ನು ಸೇರಬಲ್ಲವು; ಕೊಕ್ಕೆಹುಳುವಿನ ಲಾರ್ವಾಗಳು ಹಾಲಿನ ಮೂಲಕ ಹರಡಬಲ್ಲವು. ಹೀಗಾಗಿ ಮರಿಗಳಿಗೆ ಎರಡು ವಾರಗಳ ವಯಸ್ಸಿನಿಂದಲೇ, ಎರಡು ವಾರಗಳಿಗೊಮ್ಮೆ ಜಂತುಹುಳುವಿನ ಔಷಧ ಕೊಡುತ್ತಾರೆ. ಈ ಹುಳುಗಳು ಮನುಷ್ಯರಿಗೂ ತೊಂದರೆ ಕೊಡುತ್ತವೆ. ಮಣ್ಣಿನಲ್ಲಿ ಆಡುವ ಮಕ್ಕಳು ದುಂಡುಹುಳುವಿನ ಮೊಟ್ಟೆಗಳನ್ನು ನುಂಗಿದರೆ, ಲಾರ್ವಾಗಳು ಯಕೃತ್ತು, ಶ್ವಾಸಕೋಶ ಅಥವಾ ಕಣ್ಣನ್ನು ಸೇರಿ ದೃಷ್ಟಿಗೆ ಹಾನಿ ಮಾಡಬಹುದು. ಬರಿಗಾಲಿನಲ್ಲಿ ನಡೆಯುವವರ ಚರ್ಮವನ್ನು ಹೊಕ್ಕ ಕೊಕ್ಕೆಹುಳುವಿನ ಲಾರ್ವಾಗಳು ತುರಿಕೆಯುಳ್ಳ ಅಂಕುಡೊಂಕು ಗೆರೆಗಳನ್ನು ಉಂಟುಮಾಡುತ್ತವೆ.

ಪರೀಕ್ಷೆ ಮತ್ತು ಬಳಕೆ

ಮರಿಗಳಿಗೆ ಎಂಟು ವಾರಗಳ ವಯಸ್ಸಿನೊಳಗೆ ಹೃದಯಹುಳು ನಿರೋಧಕವನ್ನು ಆರಂಭಿಸುವುದು ಸೂಕ್ತ. ಏಳು ತಿಂಗಳು ಮೀರಿದ ನಾಯಿಗೆ ಔಷಧ ಆರಂಭಿಸುವ ಮೊದಲು ರಕ್ತಪರೀಕ್ಷೆ ಮಾಡಿಸಬೇಕು. ಸಾಮಾನ್ಯ ಪರೀಕ್ಷೆಯು ವಯಸ್ಕ ಹೆಣ್ಣುಹುಳು ಬಿಡುಗಡೆ ಮಾಡುವ ಪ್ರತಿಜನಕವನ್ನು ಗುರುತಿಸುತ್ತದೆ. ಸೋಂಕು ತಗುಲಿದ ಮೊದಲ ಐದಾರು ತಿಂಗಳು ಇದರಲ್ಲಿ ಏನೂ ಕಾಣದಿರಬಹುದು. ಮೈಕ್ರೋಫೈಲೇರಿಯಾಗಳಿಗಾಗಿ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದೂ ಉಂಟು. ರಕ್ತದಲ್ಲಿ ಅವು ಹೇರಳವಾಗಿರುವ ನಾಯಿಗೆ ಪರೀಕ್ಷಿಸದೆ ಔಷಧ ಕೊಟ್ಟರೆ, ಅವು ಒಮ್ಮೆಲೇ ಸತ್ತು ಆಘಾತದಂತಹ ಪ್ರತಿಕ್ರಿಯೆ ಉಂಟಾಗಬಹುದು.

ಡೋಸ್ ತಪ್ಪಿದ್ದು ನೆನಪಾದ ಕೂಡಲೇ ಔಷಧವನ್ನು ಮುಂದುವರಿಸಿ ಪಶುವೈದ್ಯರಿಗೆ ತಿಳಿಸಬೇಕು. ಅಂತರ ಹೆಚ್ಚಾಗಿದ್ದರೆ ಆಗಲೂ, ಆರು ತಿಂಗಳ ಬಳಿಕ ಮತ್ತೊಮ್ಮೆಯೂ ಪರೀಕ್ಷೆ ನಡೆಸಲಾಗುತ್ತದೆ. ಔಷಧ ತಪ್ಪದಿದ್ದರೂ ವರ್ಷಕ್ಕೊಮ್ಮೆ ಪರೀಕ್ಷಿಸುವುದು ರೂಢಿಯಲ್ಲಿದೆ.

ವಯಸ್ಕ ಹುಳುಗಳ ಚಿಕಿತ್ಸೆ ಕಠಿಣವಾದುದು. ಆರ್ಸೆನಿಕ್ ಇರುವ ಮೆಲಾರ್ಸೊಮಿನ್ ಚುಚ್ಚುಮದ್ದನ್ನು ಸೊಂಟದ ಸ್ನಾಯುವಿಗೆ ಕೊಡುತ್ತಾರೆ. ಸತ್ತ ಹುಳುಗಳು ಶ್ವಾಸಕೋಶದ ರಕ್ತನಾಳಗಳನ್ನು ಅಡ್ಡಗಟ್ಟುವ ಅಪಾಯವಿರುವುದರಿಂದ ನಾಯಿಯ ಓಡಾಟವನ್ನು ತಿಂಗಳುಗಟ್ಟಲೆ ನಿರ್ಬಂಧಿಸಬೇಕಾಗುತ್ತದೆ.

ಸುರಕ್ಷತೆ

ಕೋಲಿ ಮೊದಲಾದ ಕೆಲವು ಕುರಿಕಾಯುವ ತಳಿಗಳಲ್ಲಿ ಎಂಡಿಆರ್1 ಎಂಬ ಜೀನ್ ಬದಲಾಗಿರುತ್ತದೆ. ಇಂತಹ ನಾಯಿಗಳಲ್ಲಿ ಐವರ್‌ಮೆಕ್ಟಿನ್ ಮಿದುಳನ್ನು ಪ್ರವೇಶಿಸಿ ತೂರಾಟ, ನಡುಕ, ಪ್ರಜ್ಞಾಹೀನತೆ ಉಂಟುಮಾಡಬಲ್ಲದು. ಹೃದಯಹುಳು ತಡೆಯಲು ಕೊಡುವ ಅಲ್ಪ ಪ್ರಮಾಣ ಈ ತಳಿಗಳಿಗೂ ಸುರಕ್ಷಿತ. ಹೆಚ್ಚಿನ ಪ್ರಮಾಣವೇ ಅಪಾಯಕಾರಿ.

ದನಕರುಗಳಿಗಾಗಿ ಮಾರುವ ಶೇಕಡ 1ರ ಐವರ್‌ಮೆಕ್ಟಿನ್ ಚುಚ್ಚುಮದ್ದಿನ ಒಂದು ಮಿಲಿಲೀಟರ್‌ನಲ್ಲಿ 10,000 ಮೈಕ್ರೋಗ್ರಾಂ ಔಷಧವಿರುತ್ತದೆ. 10 ಕಿಲೋಗ್ರಾಂ ತೂಗುವ ನಾಯಿಗೆ ಬೇಕಾದ ಮಾಸಿಕ ನಿರೋಧಕ ಪ್ರಮಾಣ 60 ಮೈಕ್ರೋಗ್ರಾಂ ಮಾತ್ರ. ಎರಡರ ನಡುವಿನ ಅಂತರ 160 ಪಟ್ಟಿಗಿಂತ ಹೆಚ್ಚು. ಆದ್ದರಿಂದ ದನಗಳ ಔಷಧವನ್ನು ಅಂದಾಜಿನಲ್ಲಿ ನಾಯಿಗೆ ಕೊಡುವುದು ಪ್ರಾಣಕ್ಕೆ ಎರವಾಗಬಹುದು.

ಔಷಧ ಪ್ರತಿರೋಧ

ಅಮೆರಿಕದ ಮಿಸಿಸಿಪಿ ನದಿಯ ಕೆಳಕಣಿವೆಯಲ್ಲಿ ಮ್ಯಾಕ್ರೋಸೈಕ್ಲಿಕ್ ಲ್ಯಾಕ್ಟೋನ್‌ಗಳನ್ನು ಸಹಿಸಿಕೊಳ್ಳುವ ಹೃದಯಹುಳುಗಳು ದೃಢಪಟ್ಟಿವೆ. ಹಾಗಿದ್ದರೂ ನಿರೋಧಕ ವಿಫಲವಾಯಿತೆಂದು ತೋರುವ ಬಹುಪಾಲು ಪ್ರಕರಣಗಳಿಗೆ ಡೋಸ್ ತಪ್ಪಿದ್ದು ಅಥವಾ ತಡವಾದದ್ದೇ ಕಾರಣ. ಸೊಳ್ಳೆಗಳ ನಿಯಂತ್ರಣ ಮತ್ತು ವಾರ್ಷಿಕ ಪರೀಕ್ಷೆಗಳು ಔಷಧಕ್ಕೆ ಪೂರಕವಾಗಿವೆ.

ಭಾರತದಲ್ಲಿ

ಭಾರತದಲ್ಲಿ ಹೃದಯಹುಳು ಎಲ್ಲೆಡೆ ಒಂದೇ ಪ್ರಮಾಣದಲ್ಲಿ ಕಾಣಿಸುವುದಿಲ್ಲ. ಅಸ್ಸಾಂ ಮೊದಲಾದ ಈಶಾನ್ಯ ರಾಜ್ಯಗಳ ನಾಯಿಗಳಲ್ಲಿ ಇದು ವರದಿಯಾಗಿದೆ. ದಕ್ಷಿಣದಲ್ಲಿ ಇದರ ಸಮೀಪದ ಸಂಬಂಧಿಯಾದ ಡೈರೊಫೈಲೇರಿಯಾ ರೆಪೆನ್ಸ್ ಹೆಚ್ಚು ಪರಿಚಿತ. ಇದು ನಾಯಿಯ ಚರ್ಮದಡಿಯಲ್ಲಿ ವಾಸಿಸುತ್ತದೆ. ಸೊಳ್ಳೆಯ ಮೂಲಕ ಮನುಷ್ಯರಿಗೆ ತಗುಲಿದಾಗ ಕಣ್ಣಿನ ಪೊರೆಯಡಿಯಲ್ಲಿ ಅಥವಾ ಚರ್ಮದಡಿಯ ಗಂಟಿನಲ್ಲಿ ಕಾಣಿಸಿಕೊಳ್ಳುತ್ತದೆ. ಕೇರಳ ಮತ್ತು ಕರಾವಳಿ ಕರ್ನಾಟಕದಿಂದ ಇಂತಹ ಪ್ರಕರಣಗಳು ವರದಿಯಾಗಿವೆ. ನಾಯಿಯ ರಕ್ತದಲ್ಲಿ ಮೈಕ್ರೋಫೈಲೇರಿಯಾ ಕಂಡುಬಂದ ಮಾತ್ರಕ್ಕೆ ಅದು ಹೃದಯಹುಳುವೇ ಎಂದು ನಿರ್ಣಯಿಸಲಾಗದು. ಚಿಕಿತ್ಸೆಗೆ ಮೊದಲು ಅದರ ಪ್ರಭೇದವನ್ನು ಗುರುತಿಸಬೇಕಾಗುತ್ತದೆ.