ಕವಚವೂ ಕಿವಿಯೂ

ಬೆಲೆಯುಳ್ಳ ವಸ್ತುವಿಗೆ ತಕ್ಕ ಹೊದಿಕೆಯೊಂದನ್ನು ಹೊಂದಿಸುವುದು ಮನುಷ್ಯನ ಹಳೆಯ ರೂಢಿ. ಓಲೆಗರಿಯ ಗ್ರಂಥಕ್ಕೆ ಮರದ ಹಲಗೆಗಳಿದ್ದವು, ವೀಣೆಗೆ ಗವಸು ಇತ್ತು, ಕತ್ತಿಗೆ ಒರೆಯಿತ್ತು. ಕೊಡಗಿನ ಪೀಚೆಕತ್ತಿಯನ್ನು ಕಂಡವರು ಅದರ ಬೆಳ್ಳಿಯ ಕೆಲಸದ ಒರೆಯನ್ನು ಮರೆಯಲಾರರು. ನಡುವಿಗೆ ಸುತ್ತಿದ ಚೇಲೆಯಲ್ಲಿ ಸಿಕ್ಕಿಸಿಕೊಳ್ಳುವ ಕಿರುಗತ್ತಿ ಅದು; ಒರೆಯಿಲ್ಲದಿದ್ದರೆ ಧರಿಸಿದವನನ್ನೇ ಇರಿದೀತು. ಅಗಲವಾದ ಬಾಗಿದ ಅಲಗಿನ ಒಡಿಕತ್ತಿಯ ರೀತಿ ಬೇರೆ. ಅದನ್ನು ಬೆನ್ನ ಹಿಂದೆ, ಸೊಂಟಕ್ಕೆ ಕಟ್ಟಿದ ತೊಡಂಗ್ ಎಂಬ ಲೋಹದ ಕೊಂಡಿಗೆ ಸಿಕ್ಕಿಸುತ್ತಾರೆ. ವಸ್ತುವಿನ ಆಕಾರವನ್ನೂ ಅದನ್ನು ಒಯ್ಯುವ ಬಗೆಯನ್ನೂ ಅರಿತು ಕವಚವನ್ನು ರೂಪಿಸಬೇಕೆಂಬ ತತ್ತ್ವ ಈ ಎರಡು ಕತ್ತಿಗಳಲ್ಲಿಯೇ ಅಡಗಿದೆ. ಇಂದು ಜೇಬಿನಲ್ಲಿ ಒಯ್ಯುವ ದೂರವಾಣಿಗೂ ಅದೇ ತತ್ತ್ವ ಅನ್ವಯಿಸುತ್ತದೆ.

ಕೊಡಗಿನಂತಹ ನಾಡಿನಲ್ಲಿ ಇದರ ಅಗತ್ಯ ಎದ್ದು ಕಾಣುತ್ತದೆ. ಭಾಗಮಂಡಲದ ಸುತ್ತಿನಲ್ಲಿ ವರ್ಷಕ್ಕೆ 5,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವುದುಂಟು. ಮಳೆಗಾಲದಲ್ಲಿ ಹೊರಗೆ ನೀರು, ಒಳಗೆ ತೇವ. ಪೆಟ್ಟಿಗೆಯಲ್ಲಿಟ್ಟ ತೊಗಲಿನ ವಸ್ತುಗಳಿಗೂ ಬೂಷ್ಟು ಹಿಡಿಯುತ್ತದೆ. 2018ರ ಆಗಸ್ಟ್ ತಿಂಗಳಿನಲ್ಲಿ ಅತಿವೃಷ್ಟಿಯಿಂದ ಗುಡ್ಡಗಳು ಜರಿದು, ರಸ್ತೆಗಳು ಕಡಿದುಹೋಗಿ, ಅನೇಕರು ಮನೆಮಠಗಳನ್ನು ಕಳೆದುಕೊಂಡರು. ಅಂತಹ ಹೊತ್ತಿನಲ್ಲಿ ಬಂಧುಗಳಿಗೆ ಸುದ್ದಿ ಮುಟ್ಟಿಸಲು ಕೈಯಲ್ಲಿರುವ ಸಾಧನ ನೀರು ಕುಡಿಯದೆ ಉಳಿಯುವುದು ಎಷ್ಟು ಮುಖ್ಯವೆಂಬುದನ್ನು ಊಹಿಸಬಹುದು.

ಒಯ್ಯಬಲ್ಲ ಧ್ವನಿಸಾಧನಗಳ ಕಾಲ ಟ್ರಾನ್ಸಿಸ್ಟರಿನಿಂದ ಮೊದಲಾಯಿತು. ಅದಕ್ಕೆ ಮುನ್ನ ರೇಡಿಯೋ ಎಂದರೆ ಗಾಜಿನ ವಾಲ್ವುಗಳನ್ನು ತುಂಬಿದ ಭಾರವಾದ ಪೆಟ್ಟಿಗೆ. ಸಾಮಾನ್ಯವಾಗಿ ಅದು ಮೇಜಿನ ಮೇಲೆಯೇ ಇರುತ್ತಿತ್ತು. 1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಬಾರ್ಡೀನ್, ಬ್ರಾಟೇನ್ ಮತ್ತು ಶಾಕ್ಲಿ ಎಂಬ ವಿಜ್ಞಾನಿಗಳ ಶ್ರಮದಿಂದ ಟ್ರಾನ್ಸಿಸ್ಟರ್ ರೂಪುಗೊಂಡಿತು. 1954ರಲ್ಲಿ ಅದೇ ದೇಶದಲ್ಲಿ ರೀಜೆನ್ಸಿ ಎಂಬ ಜೇಬುರೇಡಿಯೋ ಮಾರಾಟಕ್ಕೆ ಬಂದಿತು. ಬೇಕಾದವರು ಬೇರೆ ಬೆಲೆ ತೆತ್ತು ಅದಕ್ಕೊಂದು ತೊಗಲಿನ ಚೀಲವನ್ನೂ ಒಂದು ಇಯರ್‌ಫೋನನ್ನೂ ಕೊಳ್ಳಬಹುದಾಗಿತ್ತು. ಒಯ್ಯುವ ಸಾಧನದೊಡನೆ ಕವಚವೂ ಕಿವಿಯ ಉಪಕರಣವೂ ಹೀಗೆ ಆರಂಭದಲ್ಲಿಯೇ ಜೊತೆಯಾದವು. ನಮ್ಮ ನಾಡಿನಲ್ಲಿ, 1954ರಲ್ಲಿ ಸ್ಥಾಪನೆಗೊಂಡ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು 1962ರಲ್ಲಿ ಜರ್ಮೇನಿಯಂ ಅರೆವಾಹಕಗಳ ತಯಾರಿಕೆಗೆ ಕೈಹಾಕಿತು. ಹೆಗಲಿಗೆ ತೂಗುಹಾಕಿದ ತೊಗಲಿನ ಗವಸಿನೊಳಗಿಂದ ವಾರ್ತೆಯನ್ನು ಹೊಮ್ಮಿಸುತ್ತಿದ್ದ ಟ್ರಾನ್ಸಿಸ್ಟರು ಹಳ್ಳಿಹಳ್ಳಿಗಳಿಗೂ ಪರಿಚಿತವಾಯಿತು. ಧ್ವನಿ ಹೊರಬರಲೆಂದು ಆ ಗವಸಿನ ಮುಂಭಾಗದಲ್ಲಿ ಸಣ್ಣ ಸಣ್ಣ ತೂತುಗಳಿರುತ್ತಿದ್ದವು. ರಕ್ಷಿಸಬೇಕು, ಆದರೆ ಕೆಲಸಕ್ಕೆ ಅಡ್ಡಿಯಾಗಬಾರದು: ಇದು ಕವಚದ ಎರಡನೆಯ ತತ್ತ್ವ.

ಈಗ ಅಂಗಡಿಗಳಲ್ಲಿ ಕವರ್, ಪೌಚ್ ಮೊದಲಾದ ಹೆಸರುಗಳಿಂದ ದೊರೆಯುವ ಹೊದಿಕೆಗಳು ಕೆಲಸ ಮಾಡುವ ಬಗೆಯನ್ನು ನೋಡೋಣ. ಬೀಳುವ ವಸ್ತು ನೆಲಕ್ಕೆ ತಾಗಿ ಕ್ಷಣಾರ್ಧದಲ್ಲಿ ನಿಂತುಬಿಟ್ಟರೆ ಅದರ ಮೇಲಿನ ಬಲ ಅತಿಯಾಗಿ ಗಾಜು ಒಡೆಯುತ್ತದೆ. ಮೆತ್ತನೆಯ ಅಂಚಿದ್ದರೆ ಅದು ತುಸು ಕುಗ್ಗಿ ನಿಲ್ಲುವ ಸಮಯವನ್ನು ಹೆಚ್ಚಿಸುತ್ತದೆ. ಸಮಯ ಹೆಚ್ಚಿದಷ್ಟೂ ಬಲ ಕಡಿಮೆಯಾಗುತ್ತದೆ. ವೇಗವಾಗಿ ಬರುವ ಚೆಂಡನ್ನು ಹಿಡಿಯುವ ಆಟಗಾರನು ಕೈಗಳನ್ನು ಹಿಂದಕ್ಕೆ ಸೆಳೆದುಕೊಳ್ಳುವುದು ಇದೇ ಕಾರಣದಿಂದ. ನೀರಿನ ಹಾನಿ ಬೇರೆ ಬಗೆಯದು. ಲವಣಗಳು ಕರಗಿದ ನೀರು ವಿದ್ಯುತ್ತನ್ನು ಸಲ್ಲದ ದಾರಿಯಲ್ಲಿ ಹರಿಯಗೊಡುತ್ತದೆ; ಲೋಹದ ಸಂಪರ್ಕಗಳನ್ನು ಮೆಲ್ಲನೆ ತಿನ್ನುತ್ತದೆ. ಸಾಧನ ಇದನ್ನು ಎಷ್ಟರಮಟ್ಟಿಗೆ ತಡೆಯಬಲ್ಲುದೆಂಬುದನ್ನು ಸೂಚಿಸಲು ಅಂತರರಾಷ್ಟ್ರೀಯ ಗುರುತುಗಳಿವೆ. ಐಪಿ 67 ಎಂಬ ಗುರುತಿನಲ್ಲಿ 6 ಎಂದರೆ ಧೂಳು ಒಳಸೇರದು; 7 ಎಂದರೆ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಹಾನಿಯಾಗದು.

ಇಂತಹ ಕವಚಗಳನ್ನು ತಯಾರಿಸುವ ಕಾರ್ಖಾನೆಗಳಲ್ಲಿ ಪ್ಲಾಸ್ಟಿಕ್ಕಿನ ಹರಳುಗಳನ್ನು ಕಾಯಿಸಿ ಕರಗಿಸಿ, ಉಕ್ಕಿನ ಅಚ್ಚುಗಳೊಳಗೆ ಒತ್ತಡದಿಂದ ತುಂಬುತ್ತಾರೆ. ತಣಿದ ಮೇಲೆ ಕವಚ ಹೊರಬರುತ್ತದೆ. ಅಚ್ಚನ್ನು ಕೊರೆಯುವುದೇ ಇದರಲ್ಲಿ ನಾಜೂಕಾದ ಕೆಲಸ. ದೂರವಾಣಿಯ ಅಳತೆ ಒಂದೆರಡು ಮಿಲಿಮೀಟರ್ ಬದಲಾದರೂ ಹಳೆಯ ಅಚ್ಚು ನಿರುಪಯೋಗಿಯಾಗುತ್ತದೆ. ಆದುದರಿಂದ ಈ ಉದ್ಯಮ ಯಾವಾಗಲೂ ಇನ್ನೊಂದು ಉದ್ಯಮದ ನೆರಳಿನಲ್ಲಿ ನಡೆಯುತ್ತದೆ. 2016ರಲ್ಲಿ ಆಪಲ್ ಸಂಸ್ಥೆ ತನ್ನ ಹೊಸ ದೂರವಾಣಿಯಿಂದ ಇಯರ್‌ಫೋನಿನ ದುಂಡು ರಂಧ್ರವನ್ನು ತೆಗೆದುಹಾಕಿತು. ಆಗ ಇಯರ್‌ಫೋನು ತಯಾರಕರೂ ತಂತಿಯಿಲ್ಲದ ಉಪಕರಣಗಳತ್ತ ಹೆಚ್ಚು ಗಮನ ಹರಿಸಬೇಕಾಯಿತು.

ಕಿವಿಯ ಉಪಕರಣದ ಕಥೆ ಟ್ರಾನ್ಸಿಸ್ಟರಿಗಿಂತಲೂ ಹಳೆಯದು. 1910ರಲ್ಲಿ ಅಮೆರಿಕದ ನೆಥಾನಿಯಲ್ ಬಾಲ್ಡ್‌ವಿನ್ ಎಂಬಾತ ತನ್ನ ಮನೆಯ ಅಡಿಗೆಕೋಣೆಯಲ್ಲಿ ಹೆಡ್‌ಫೋನುಗಳನ್ನು ತಯಾರಿಸಿ ನೌಕಾಪಡೆಗೆ ಒದಗಿಸಿದನು. ಹಡಗಿನ ಗದ್ದಲದ ನಡುವೆ ಕ್ಷೀಣವಾದ ನಿಸ್ತಂತು ಸಂಕೇತಗಳನ್ನು ಆಲಿಸಲು ಅವು ನೆರವಾದವು. 1979ರಲ್ಲಿ ಜಪಾನಿನ ಸೋನಿ ಸಂಸ್ಥೆ ವಾಕ್‌ಮನ್ ಎಂಬ ಕಿರಿಯ ಕ್ಯಾಸೆಟ್ ಯಂತ್ರವನ್ನು ಹಗುರವಾದ ಹೆಡ್‌ಫೋನಿನೊಡನೆ ಹೊರತಂದಿತು. ನಡೆಯುತ್ತ ಸಂಗೀತ ಕೇಳುವ ಅಭ್ಯಾಸ ಲೋಕದಲ್ಲೆಲ್ಲ ಹರಡಿತು. ಸಾಮಾನ್ಯ ಇಯರ್‌ಫೋನಿನೊಳಗೆ ಒಂದು ಅಯಸ್ಕಾಂತ, ತಂತಿಯ ಸುರುಳಿ ಮತ್ತು ತೆಳುವಾದ ಪೊರೆ ಇರುತ್ತವೆ. ವಿದ್ಯುತ್ತಿನ ಏರಿಳಿತಕ್ಕೆ ತಕ್ಕಂತೆ ಸುರುಳಿ ಕಂಪಿಸಿ, ಪೊರೆಯನ್ನು ಅಲುಗಿಸಿ, ಗಾಳಿಯಲ್ಲಿ ಶಬ್ದವನ್ನೆಬ್ಬಿಸುತ್ತದೆ. ಕಿವಿಗೆ ತೀರ ಹತ್ತಿರವಿರುವುದರಿಂದ ಅತ್ಯಲ್ಪ ವಿದ್ಯುತ್ತೇ ಸಾಕು.

ಆದರೆ ಅನುಕೂಲವನ್ನುಂಟುಮಾಡಿದ ಈ ಸಾಮೀಪ್ಯವೇ ಅಪಾಯಕ್ಕೂ ಕಾರಣ. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾಗಿರುವ ಕಾಕ್ಲಿಯ ಎಂಬ ಅಂಗವಿದೆ. ಅದರಲ್ಲಿ ಸುಮಾರು 15,000 ರೋಮಕೋಶಗಳು ಶಬ್ದದ ಕಂಪನವನ್ನು ನರಸಂದೇಶವಾಗಿ ಮಾರ್ಪಡಿಸುತ್ತವೆ. ಅತಿಯಾದ ಶಬ್ದದಿಂದ ಇವು ನಶಿಸಿದರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. 80 ಡೆಸಿಬೆಲ್ ಮಟ್ಟದ ಶಬ್ದವನ್ನು ವಾರಕ್ಕೆ 40 ಗಂಟೆಗಳವರೆಗೆ ಕೇಳಬಹುದು. 90 ಡೆಸಿಬೆಲ್ ಆದರೆ 4 ಗಂಟೆಗಳು ಮಾತ್ರ ಎಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸುತ್ತದೆ. ಸಾಮಾನ್ಯ ಸಂಭಾಷಣೆಯ ಮಟ್ಟ ಸುಮಾರು 60 ಡೆಸಿಬೆಲ್. ಅಸುರಕ್ಷಿತವಾಗಿ ಆಲಿಸುವುದರಿಂದ ಲೋಕದಲ್ಲಿ ನೂರು ಕೋಟಿಗೂ ಮಿಕ್ಕ ತರುಣರ ಶ್ರವಣಶಕ್ತಿಗೆ ಅಪಾಯವಿದೆಯೆಂದೂ ಅದೇ ಸಂಸ್ಥೆ ಎಚ್ಚರಿಸಿದೆ. ಈ ನಷ್ಟ ಒಮ್ಮೆಲೇ ಬರುವುದಿಲ್ಲ. ಕಿವಿಯಲ್ಲಿ ಗುಂಯ್‌ಗುಟ್ಟುವುದು, ಸಂತೆಯ ಗದ್ದಲದಲ್ಲಿ ಎದುರಿಗಿದ್ದವರ ಮಾತು ತಿಳಿಯದಿರುವುದು ಅದರ ಮೊದಲ ಗುರುತುಗಳು.

ಕೊಡಗಿನ ದಾರಿಗಳಲ್ಲಿ ನಡೆಯುವವರಿಗೆ ಇನ್ನೊಂದು ಎಚ್ಚರವೂ ಬೇಕು. ಮಂಜು ಕವಿದ ತಿರುವುಗಳಲ್ಲಿ ವಾಹನ ಕಣ್ಣಿಗೆ ಬೀಳುವ ಮೊದಲೇ ಅದರ ಸದ್ದು ಕೇಳಿಬರುತ್ತದೆ. ಕಾಫಿಯ ತೋಟಗಳಿಗೆ ಕಾಡಾನೆಗಳು ಬರುವುದು ಅಲ್ಲಿ ಅಪರೂಪವಲ್ಲ. ಅವುಗಳಿಂದ ಜೀವಹಾನಿಯಾದ ಪ್ರಸಂಗಗಳೂ ಇವೆ. ಗಿಡಗಳ ಮರೆಯಲ್ಲಿ ನಿಂತ ಆನೆ ಕಾಣಿಸದಿದ್ದರೂ ಕೊಂಬೆ ಮುರಿಯುವ ಸದ್ದು ಕಿವಿಗೆ ತಲಪುತ್ತದೆ. ಬೆಳಗಿನ ಹೊತ್ತು ಕೆಲಸಕ್ಕೆ ಹೊರಟವರಿಗೂ ಶಾಲೆಗೆ ನಡೆಯುವ ಮಕ್ಕಳಿಗೂ ಆ ಸದ್ದೇ ಕಾವಲು. ಎರಡು ಕಿವಿಗಳನ್ನೂ ಮುಚ್ಚಿಕೊಂಡು ನಡೆಯುವವನು ಆ ಕಾವಲನ್ನು ತಾನಾಗಿಯೇ ಕಳುಹಿಸಿಬಿಟ್ಟಂತೆ.

ಮಡಿಕೇರಿಯ ಆಕಾಶವಾಣಿ ಕೇಂದ್ರದ ಹಾಡನ್ನು ಜಗಲಿಯಲ್ಲಿ ಕುಳಿತು ಮಿತವಾದ ಧ್ವನಿಯಲ್ಲಿ ಕೇಳಿದರೆ ಮನೆಯವರೆಲ್ಲರಿಗೂ ಸಂತೋಷ. ಇಯರ್‌ಫೋನನ್ನು ಬಳಸಿದಾಗಲೂ ಧ್ವನಿಯನ್ನು ತಗ್ಗಿಸುವುದು, ನಡುನಡುವೆ ಕಿವಿಗೆ ಬಿಡುವು ಕೊಡುವುದು, ದಾರಿಯಲ್ಲಿ ಅದನ್ನು ತೆಗೆದಿಡುವುದು ಕಷ್ಟದ ನಿಯಮಗಳಲ್ಲ. ಒಡೆದ ಗಾಜನ್ನು ಬದಲಾಯಿಸಬಹುದು. ಹಳೆಯ ಕವಚವನ್ನು ಬಿಸುಟು ಹೊಸದನ್ನು ಕೊಳ್ಳಬಹುದು. ನಶಿಸಿದ ಶ್ರವಣಶಕ್ತಿ ಯಾವ ಅಂಗಡಿಯಲ್ಲಿಯೂ ದೊರೆಯುವುದಿಲ್ಲ. ಸಾಧನಕ್ಕೆ ಕವಚವನ್ನು ಕೊಂಡು ತೊಡಿಸುವ ಜಾಣ್ಮೆಯುಳ್ಳವರು ಕಿವಿಗೆ ವಿವೇಕವನ್ನೇ ಕವಚವಾಗಿ ತೊಡಿಸಬೇಕು.